ದುರ್ಬೀನಿಗೂ ಮಹಾನವಮಿ

ನನ್ನ ಕೈ ನಡುಗುವುದಿಲ್ಲ. ಇದು ಜಂಬದ ಮಾತಲ್ಲ, ಲಕಮನಹಳ್ಳಿಯ ನಮ್ಮ ಓಣಿಯಲ್ಲಿ ಎಲ್ಲರೂ ಒಪ್ಪಿದ ಸಂಗತಿ. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಎಲ್ಲೂ ಎಳೆ ದಪ್ಪವಾಗದ ಹಾಗೆ ಹಾಕಿ ಮುಗಿಸುತ್ತೇನೆ. ಕಾದ ಎಣ್ಣೆಗೆ ಕರಿಗಡಬು ಬಿಡುವಾಗ ಒಂದು ಹನಿಯೂ ಸಿಡಿಯುವುದಿಲ್ಲ. ಇಂಥ ಕೈಯನ್ನು ಶಿವ ನನಗೆ ಯಾಕೆ ಕೊಟ್ಟನೆಂದು ಐವತ್ನಾಲ್ಕು ವರ್ಷ ನಾನು ಯೋಚಿಸಿರಲಿಲ್ಲ. ಕಳೆದ ಮಹಾನವಮಿಗೆ ಒಂದು ವಾರ ಮೊದಲು ಗೊತ್ತಾಯಿತು. ಆಕಾಶದ ಫೋಟೋ ತೆಗೆಯುವುದಕ್ಕೆ ಕೊಟ್ಟಿದ್ದ.

ಹಾಗೆಂದು ನಾನು ತಿಳಿದುಕೊಂಡೆ.

ನನ್ನ ಸೋದರಮಾವ ಗುರುಸಿದ್ಧಪ್ಪನವರು ಬೈರಿದೇವರಕೊಪ್ಪದಲ್ಲಿರುತ್ತಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ದೇವರ ಬಗ್ಗೆ ಅವರಿಗೆ ಅಂಥ ದ್ವೇಷವೇನಿಲ್ಲ, ಪರಿಚಯ ಕಡಿಮೆ, ಅಷ್ಟೆ. ಅವರ ಹತ್ತಿರ ಒಂದು ದುರ್ಬೀನಿದೆ. ಒಂದಾಳು ಉದ್ದದ ಬಿಳಿಯ ಕೊಳವೆ, ಮುಂದೆ ಅಂಗೈ ಅಗಲದ ಗಾಜು, ಕೆಳಗೆ ಮೂರು ಕಾಲು. ಅದನ್ನು ಅವರು ನೋಡಿಕೊಳ್ಳುವ ರೀತಿ ನೋಡಿದರೆ ನಮ್ಮ ಅತ್ತೆ (ಅಂದರೆ ಅವರ ಹೆಂಡತಿ) ಯಾಕೆ ಅಷ್ಟು ಬೇಗ ಶಿವನ ಪಾದ ಸೇರಿದರು ಎಂಬುದು ಸ್ವಲ್ಪ ಅರ್ಥವಾಗುತ್ತದೆ.

ಮಾವನವರಿಗೆ ಎಪ್ಪತ್ತೈದು ತುಂಬಿತೆಂದು ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಕೂಡಿ ಧಾರವಾಡದಲ್ಲಿ ಒಂದು ಸತ್ಕಾರ ಇಟ್ಟುಕೊಂಡಿದ್ದರು. ಶಾಲು ಬೇಡ, ಹಣ್ಣಿನ ಬುಟ್ಟಿ ಬೇಡ, ಒಂದು ತಾಸು ಪಾಠ ಮಾಡಲು ಬಿಡಿ ಎಂದು ಮಾವ ಕೇಳಿದ್ದರು. ಪಾಠಕ್ಕೆ ಹತ್ತು ಚಿತ್ರ. ಚಂದ್ರ, ಶನಿ, ಗುರು ಎಂದು ಒಂಬತ್ತನ್ನು ತಮ್ಮ ದುರ್ಬೀನಿನಲ್ಲೇ ತೆಗೆದಿಟ್ಟಿದ್ದರು. ಹತ್ತನೆಯದು ಖಾಲಿ ಇತ್ತು. ಅಷ್ಟರಲ್ಲಿ ಕಣ್ಣಿನ ಪೊರೆಯ ಆಪರೇಷನ್ನು ಬಂತು. ಮೊಣಕಾಲು ಮೊದಲೇ ಮುಷ್ಕರ ಹೂಡಿತ್ತು. ಮೇಲಾಗಿ ಅವರ ಮನೆಯ ಪಶ್ಚಿಮಕ್ಕೆ ಆರು ಅಂತಸ್ತಿನ ಕಟ್ಟಡ ಎದ್ದು ಅರ್ಧ ಆಕಾಶವನ್ನು ತಿಂದುಹಾಕಿತ್ತು.

"ಗಿರಿಜಾ, ನಿನ್ನ ಕೈ ನಡಗಂಗಿಲ್ಲ. ನಿಮ್ಮ ಮಾಳಿಗಿ ಮ್ಯಾಲೆ ಪಡುವಣ ದಿಕ್ಕು ಸಾಫ್ ಐತಿ. ಹತ್ತನೇದ್ದು ನೀ ತಗೀಬೇಕು" ಎಂದರು.

"ಏನು ತಗೀಬೇಕ್ರಿ ಮಾವಾ?"

"ಉಂಗುರ ನೀಹಾರಿಕೆ. ಗ್ರಹೀಯ ನೀಹಾರಿಕೆ ಅಂತಾರ ಈ ಜಾತಿಗೆ. ಗ್ರಹಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಹಿಂದಿನವರ ದುರ್ಬೀನಿನಾಗ ಗ್ರಹದಂಗ ಗುಂಡಗ ಕಂಡಿತ್ತು, ಹೆಸರು ಇಟ್ಟಬಿಟ್ರು."

ಲಗ್ನಪತ್ರಿಕೆಯಲ್ಲಿ ಸಂಬಂಧವಿಲ್ಲದವರ ಹೆಸರು ಹಾಕುವುದು ನನಗೆ ಗೊತ್ತಿದ್ದ ವಿಷಯ. ಹಾಗಾಗಿ ಅರ್ಥವಾಯಿತು.

"ಒಂದು ನಕ್ಷತ್ರ ಸಾಯೋ ಮುಂದ ತನ್ನ ಮೈಮ್ಯಾಲಿನ ಪದರ ಎಲ್ಲಾ ಹೊರಗ ಊದಿಬಿಡತೈತಿ. ಅದು ಸುತ್ತಲೂ ಹೊಗಿ ಉಂಗುರದಂಗ ನಿಂತೈತಿ. ಅದ ಇದು."

ನನಗೆ ಒಂದೇ ಅನುಮಾನ ಬಂತು. "ಸತ್ತದ್ದನ್ನ ನೋಡಿದ ಮ್ಯಾಲೆ ಸ್ನಾನ ಮಾಡಬೇಕೇನ್ರಿ?"

"ಅದು ಸತ್ತು ಸಾವಿರಾರು ವರ್ಷ ಆತವಾ. ಸೂತಕ ಮುಗದೈತಿ."

ನಾನು ಸಮಾಧಾನಗೊಂಡೆ. ಆಮೇಲೆ ಅವರು ಮೆಲ್ಲಗೆ ಹೇಳಿದ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. "ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಸೀಮಿಸುಣ್ಣದಾಗ ಒಂದು ಸೊನ್ನಿ ಬರದು, ಇದ ನೋಡ್ರೆಪಾ ಉಂಗುರ ನೀಹಾರಿಕೆ ಅಂತ ಹೇಳೇನಿ. ಹುಡುಗರು ಆ ಸೊನ್ನಿ ನೋಡಿ ಪರೀಕ್ಷಾದಾಗ ಸೊನ್ನಿನ ಬರದಾರ. ಒಬ್ಬರಿಗೂ ಖರೇದ್ದು ತೋರಿಸಾಕ ಆಗಲಿಲ್ಲ. ನೆಟ್ಟಿನಾಗಿಂದು ನನಗ ಬ್ಯಾಡ. ನನ್ನ ದುರ್ಬೀನಿನಾಗಿಂದು ಬೇಕು. ಒಮ್ಮೆ ತೋರಿಸಿದ್ರ ಸಾಕು."

ಇಂಥ ಮಾತಿಗೆ ಇಲ್ಲ ಎನ್ನುವವರು ಮನುಷ್ಯರೇ? "ಅದೇನು ದೊಡ್ಡ ಕೆಲಸ, ಬಿಡ್ರಿ" ಎಂದುಬಿಟ್ಟೆ. ಮಾವ ಒಂದು ಸಂಜೆ ಪೂರ್ತಿ ಕೂಡಿಸಿ ಕಲಿಸಿದರು. ಅಭಿಜಿತ್ ಎಂಬ ದೊಡ್ಡ ನಕ್ಷತ್ರವನ್ನು ಹಿಡಿಯಬೇಕು. ನನಗೆ ಅಭಿಜಿತ್ ಮುಹೂರ್ತ ಗೊತ್ತಿತ್ತು, ಆ ಹೆಸರಿನ ನಕ್ಷತ್ರ ನಮ್ಮ ಮಾಳಿಗೆಯ ಮೇಲೇ ಇದೆಯೆಂದು ಗೊತ್ತಿರಲಿಲ್ಲ. ಅದರ ಕೆಳಗೆ ಎರಡು ಸಣ್ಣ ನಕ್ಷತ್ರ. ಆ ಎರಡರ ನಡುವೆ ಉಂಗುರ. ಫೋನನ್ನು ಹಿಂದಿನ ಹಿಡಿಕೆಗೆ ಸಿಕ್ಕಿಸಿ ಗುಂಡಿ ಒತ್ತಬೇಕು. ಕೊನೆಗೆ ಬೆರಳೆತ್ತಿ ಹೇಳಿದರು: "ಮುಂದಿನ ಗಾಜಿಗೆ ಕೈ ಹಚ್ಚಬ್ಯಾಡ. ಉಸಿರೂ ಬಿಡಬ್ಯಾಡ."

ಕೈ ಹಚ್ಚುವುದಿಲ್ಲವೆಂದು ಮಾತು ಕೊಟ್ಟೆ. ಆ ಮಾತನ್ನು ನಾನು ಮುರಿಯಲಿಲ್ಲ ಎಂದೇ ಇವತ್ತಿಗೂ ನನ್ನ ವಾದ.

ದುರ್ಬೀನು ನಮ್ಮ ಮನೆಗೆ ಬಂದ ಮೂರನೆಯ ದಿನಕ್ಕೆ ಆಯುಧಪೂಜೆ. ಆ ದಿನ ನಮ್ಮ ಮನೆಯಲ್ಲಿ ತಿರುಗುವ, ಕೊಯ್ಯುವ, ಉರಿಯುವ ಯಾವ ವಸ್ತುವೂ ಪೂಜೆಯಿಲ್ಲದೆ ಉಳಿಯುವುದಿಲ್ಲ. ಮಿಕ್ಸರು, ಹೊಲಿಗೆ ಯಂತ್ರ, ಈಳಿಗೆ, ಗ್ಯಾಸಿನ ಸಿಲಿಂಡರು, ಯಜಮಾನರ ಕಾಳುಕಡಿ ಅಂಗಡಿಯ ತಕ್ಕಡಿ, ಅವರ ಸ್ಕೂಟರು, ಎಲ್ಲವೂ ಸಾಲಾಗಿ ವಿಭೂತಿ ಕುಂಕುಮ ಇಟ್ಟುಕೊಂಡು ಮದುಮಕ್ಕಳ ಹಾಗೆ ಕೂತಿದ್ದವು. ದುರ್ಬೀನೊಂದೇ ಮೂಲೆಯಲ್ಲಿ ಬೋಳು ಹಣೆಯಲ್ಲಿ ನಿಂತಿತ್ತು. ಮನೆಗೆ ಬಂದ ಅತಿಥಿ! ನನಗೆ ಕರುಳು ಚುರ್ ಎಂದಿತು.

ಈಗ ಪ್ರಶ್ನೆ ಎದ್ದಿತು, ದುರ್ಬೀನಿನ ಹಣೆ ಯಾವುದು? ನಾನು ಶಾಸ್ತ್ರೋಕ್ತವಾಗಿ ವಿಚಾರ ಮಾಡಿದೆ. ಹಿಂದಿನ ತುದಿಯಲ್ಲಿ ನಾವು ಕಣ್ಣಿಡುತ್ತೇವೆ. ಅಂದಮೇಲೆ ಮುಂದಿನ ತುದಿಯಲ್ಲಿರುವುದು ಹಣೆಯೇ ಆಗಿರಬೇಕು. ಮುಚ್ಚಳ ತೆಗೆದೆ. ಎಂಥ ಗಾಜು ಅದು! ಅಗಲವಾದ, ಹೊಳೆಯುವ, ಉಬ್ಬಿದ ಹಣೆ. ವಿಭೂತಿಗೆಂದೇ ಮಾಡಿದ ಹಾಗಿತ್ತು.

ಯಜಮಾನರು ಸ್ಕೂಟರಿನ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದವರು ತಿರುಗಿ ನೋಡಿದರು. "ಏ, ಮಾವಾರು ಅದಕ್ಕ ಕೈ ಹಚ್ಚಬ್ಯಾಡ ಅಂದಿದ್ರಲ್ಲ?"

"ಕೈ ಹಚ್ಚಬ್ಯಾಡ ಅಂದಾರ. ವಿಭೂತಿ ಹಚ್ಚಬ್ಯಾಡ ಅಂದಿಲ್ಲಲ್ರಿ."

ಅವರು ವ್ಯಾಪಾರಸ್ಥರು. ಮಾತಿನಲ್ಲಿ ತೂಕ ಕಂಡರೆ ಸುಮ್ಮನಾಗುತ್ತಾರೆ.

ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮೂರು ಬೆರಳಿನಲ್ಲಿ ಅದ್ದಿ, ಒಂದೇ ಎಳೆತಕ್ಕೆ ಮೂರು ಸಾಲು. ನಡುವೆ ಕುಂಕುಮ. ಎಳೆಗಳು ಎಷ್ಟು ನೆಟ್ಟಗೆ ಬಂದವೆಂದರೆ ನಾನೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಕರ್ಪೂರ ಬೆಳಗಿದೆ. ಧೂಳು ಕೂಡಬಾರದೆಂದು ಮುಚ್ಚಳ ಹಾಕಿದೆ. ಮುಂದೆ ಮೋಡ, ಮಳೆ ಹನಿ. ಶೀಗಿ ಹುಣ್ಣಿಮೆ ದಾಟಿದರೂ ಆಕಾಶವೇ ಕಾಣಲಿಲ್ಲ. ಅಷ್ಟರಲ್ಲಿ ನಾನು ಹೋಳಿಗೆ, ಕಡುಬು, ನೆಂಟರು ಎಂದು ದುರ್ಬೀನಿನ ಹಣೆಯನ್ನು ಪೂರ್ತಿ ಮರೆತೆ.

ಹುಣ್ಣಿಮೆ ಕಳೆದು ಎಂಟು ದಿನಕ್ಕೆ ಮೋಡ ಸರಿದು ಸಂಜೆಯ ಆಕಾಶ ತಿಳಿಯಾಯಿತು. ಸತ್ಕಾರ ಬರುವ ರವಿವಾರ, ಚಿತ್ರ ಶನಿವಾರವೇ ಮಾವನ ವಿದ್ಯಾರ್ಥಿಗಳ ಕೈ ಸೇರಬೇಕು. ನನಗೆ ಉಳಿದದ್ದು ಮೂರೇ ಸಂಜೆ. ಆ ಮೇಲೆ ದೀಪಾವಳಿಯ ದೀಪ, ಪಟಾಕಿ. ಅದು ಮುಗಿಯುವಷ್ಟರಲ್ಲಿ ಆ ನಕ್ಷತ್ರಗಳು ಪಡುವಣಕ್ಕೆ ಇಳಿದು ಹೋಗುತ್ತವೆ ಎಂದು ಮಾವ ಎಚ್ಚರಿಸಿದ್ದರು.

ಮೊದಲನೆಯ ಸಂಜೆ ಏಳು ಗಂಟೆಗೆ ಮಾಳಿಗೆಯ ದೀಪ ಆರಿಸಿ ಭಕ್ತಿಯಿಂದ ಇಪ್ಪತ್ತು ಫೋಟೋ ತೆಗೆದೆ. ಇಪ್ಪತ್ತೂ ಕಪ್ಪು. ಆಕಾಶ ಬಹಳ ಆಳವಾಗಿದೆ ಎಂದುಕೊಂಡೆ. ಯಜಮಾನರು ಬಂದು ಮುಂದೆ ಕೈಯಾಡಿಸಿ, "ಮುಚ್ಚಳಾ ತಗದಿಲ್ಲ" ಎಂದರು. ಶಿವನ ದಯೆ, ಗಾಜು ಒಡೆದಿರಲಿಲ್ಲ.

ಎರಡನೆಯ ಸಂಜೆ ಕತ್ತಲಲ್ಲೇ ಮುಚ್ಚಳ ತೆಗೆದೆ. ಅಭಿಜಿತ್ ನಕ್ಷತ್ರ ಎಂದು ನಾನು ಹಿಡಿದದ್ದು ನಿಧಾನವಾಗಿ ಚಲಿಸಿ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಅದರ ಹಿಂದೆ ಓಡುವಾಗ ಮೂರು ಕಾಲಿನಲ್ಲಿ ಒಂದು ಕಾಲು ನನ್ನ ಕಾಲಿನ ಮೇಲೆ ಬಿತ್ತು. ಇಲ್ಲಿಯೂ ಶಿವನ ದಯೆಯೇ. ನೆಲದ ಮೇಲೆ ಬಿದ್ದಿದ್ದರೆ ಹಂಚು ಒಡೆಯುತ್ತಿತ್ತು.

ಮೂರನೆಯ ಸಂಜೆ ಕುಂಟುತ್ತಾ ಹತ್ತಿದೆ. ಈ ಸಲ ನಿಜವಾದ ಅಭಿಜಿತ್ ಸಿಕ್ಕಿತು. ಅದು ಇಳಿಯಲಿಲ್ಲ, ಹಾರಲಿಲ್ಲ. ಅಲ್ಲಿಂದ ಕೆಳಗೆ ಸರಿದೆ. ಒಂದು ಸಣ್ಣ ನಕ್ಷತ್ರ ಗಾಜಿನೊಳಗೆ ಬಂತು. ಬಹುಶಃ ಉಂಗುರವಿದ್ದ ಜಾಗ ಇದೇ. ಆದರೆ ಸೂಜಿಯ ಮೊನೆಯಷ್ಟಿತ್ತು. ಇಷ್ಟು ಸಣ್ಣದನ್ನು ಮಾವನ ಸತ್ಕಾರಕ್ಕೆ ಹೇಗೆ ಕಳಿಸುವುದು? ಹಿಂದೆ ಒಂದು ತಿರುಪು ಇತ್ತು. ಮಾವ ಅದರ ಬಗ್ಗೆ ಏನೋ ಹೇಳಿದ್ದರು, ಆ ಹೊತ್ತಿಗೆ ನಾನು ಅವರಿಗೆ ಚಹಾ ಸೋಸುತ್ತಿದ್ದೆ. ಮೆಲ್ಲಗೆ ತಿರುಗಿಸಿದೆ. ನಕ್ಷತ್ರ ದೊಡ್ಡದಾಯಿತು. ಇನ್ನಷ್ಟು ತಿರುಗಿಸಿದೆ. ಎಣ್ಣೆಯಲ್ಲಿ ಪೂರಿ ಉಬ್ಬಿದ ಹಾಗೆ ಉಬ್ಬಿತು. ಗುಂಡಗೆ, ಬೆಳ್ಳಗೆ, ತುಂಬಿಕೊಂಡಿತು. ಗ್ಯಾಸಿನ ಉರಿ ಏರಿಸುವುದಕ್ಕಿಂತ ಸುಲಭ. ಇದಕ್ಕೆ ಇವರು ಕಾಲೇಜಿನಲ್ಲಿ ಇಷ್ಟು ವರ್ಷ ಕಲಿಸಬೇಕಿತ್ತೇ?

ಆಗ ಸರಿಯಾಗಿ ನೋಡಿದೆ. ಆ ಗುಂಡನೆಯ ಬೆಳಕಿನ ಮೇಲೆ ಅಡ್ಡಡ್ಡ ಮೂರು ಗೆರೆ. ನಡುವೆ ಒಂದು ಬೊಟ್ಟು.

ನಾನು ಎರಡೂ ಕೈ ಎತ್ತಿ ಮುಗಿದೆ. ದುರ್ಬೀನಿನಿಂದ ಎರಡೂ ಕೈ ತೆಗೆಯಬಾರದು ಎಂಬುದು ಅದು ಪಕ್ಕದ ತೆಂಗಿನ ಗರಿಗೆ ತಲೆಯಿಟ್ಟಾಗ ಗೊತ್ತಾಯಿತು. ನಡುಗುತ್ತಾ ಮತ್ತೆ ಹಿಡಿದೆ. ಹೌದು, ನಡುಗುತ್ತಾ. ಫೋಟೋ ತೆಗೆದು ಯಜಮಾನರನ್ನು ಕೂಗಿದೆ.

ಅವರು ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಮೂರು ಗೆರಿ ಅದಾವು."

"ಗೆರಿ ಅಲ್ರೀ. ವಿಭೂತಿ."

"ನಡುವ ಏನೋ ಚುಕ್ಕಿ ಐತಿ."

"ಕುಂಕುಮ."

ಅವರು ಕೊಳವೆಯನ್ನು ಸರಿಸಿ ಬೇರೆ ನಕ್ಷತ್ರ ಹಿಡಿದರು. "ಇದಕ್ಕೂ ಐತಿ." ಮತ್ತೊಂದು ಹಿಡಿದರು. "ಇದಕ್ಕೂ ಐತಲ್ಲ." ನನ್ನ ಕಣ್ಣಲ್ಲಿ ನೀರು ಬಂತು. ಇಡೀ ಆಕಾಶವೇ ಶಿವಮಯ ಎಂದು ಹಿರಿಯರು ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ಯಜಮಾನರ ಕೈ ಅಲ್ಲಿಗೆ ನಿಲ್ಲಲಿಲ್ಲ. ದುರ್ಬೀನನ್ನು ಕೆಳಗಿಳಿಸಿ ಕೈಗಾರಿಕಾ ಪ್ರದೇಶದ ಕಡೆ ತಿರುಗಿಸಿದರು.

"ಗಿರಿಜಾ, ಆ ಫ್ಯಾಕ್ಟರಿ ಗೇಟಿನ ದೀಪಕ್ಕೂ ವಿಭೂತಿ ಐತಿ ನೋಡು."

"ಅವರೂ ಶಿವಭಕ್ತರು ಇರಬೇಕ್ರಿ."

"ಪಕ್ಕದ ಪೆಟ್ರೋಲ್ ಪಂಪಿನ ದೀಪಕ್ಕೂ ಐತಿ."

ನಾನು ಮುಚ್ಚಳ ಹಾಕಿದೆ. ಸಂಶಯ ಪಡುವವರ ಮುಂದೆ ದರ್ಶನ ಹೆಚ್ಚು ಹೊತ್ತು ನಿಲ್ಲಬಾರದು.

ಅವತ್ತೇ ಮಾವನಿಗೆ ಫೋನು ಮಾಡಿದೆ. ಆಪರೇಷನ್ನಾಗಿ ಅವರ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಫೋನಿನ ಪರದೆ ನೋಡಬಾರದೆಂದು ಡಾಕ್ಟರರ ಆಜ್ಞೆಯಾಗಿತ್ತು.

"ಸಿಕ್ತೇನವಾ?" ಅವರ ದನಿಯಲ್ಲಿ ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ಹೆದರಿಕೆ ಇತ್ತು.

"ಸಿಕ್ತ್ರಿ ಮಾವಾ."

"ಗುಂಡಗ ಐತಿ?"

"ಪೂರಿ ಹಂಗ ಐತ್ರಿ."

"ಸುತ್ತ ಬೆಳಕು, ನಡುವ ಕಪ್ಪು?"

"ನಡುವ ಕಪ್ಪು ಐತ್ರಿ."

ಸುಳ್ಳು ಹೇಳಲಿಲ್ಲ. ಆ ಕಪ್ಪು ಎಷ್ಟು ಸಾಲು ಎಂದು ಎಣಿಸಿ ಹೇಳಲಿಲ್ಲ, ಅಷ್ಟೆ. ಮೊದಲೇ ಹೇಳಿದರೆ ಬೈದು ಕೆಡಿಸುತ್ತಾರೆ. ಪರದೆಯ ಮೇಲೆ ಸಾಕ್ಷಾತ್ ಕಂಡಾಗ ಅವರಿಗೂ ಜ್ಞಾನೋದಯವಾಗಲಿ ಎಂಬ ಒಳ್ಳೆಯ ಉದ್ದೇಶ ನನ್ನದು. ಅತ್ತ ಕಡೆ ಮಾವ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು. "ಬಾಳ ಉಪಕಾರ ಆತು ಗಿರಿಜವ್ವ" ಎಂದರು. ಅವರು ನನಗೆ ಗಿರಿಜವ್ವ ಎಂದದ್ದು ನನ್ನ ಮದುವೆಯಾದ ಮೇಲೆ ಅದೇ ಮೊದಲು.

ಇಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಬೆಳಿಗ್ಗೆ ಪಕ್ಕದ ಮನೆಯ ಶಾರದಕ್ಕ ಹಾಲಿಗೆ ಹೆಪ್ಪು ಕೇಳಲು ಬಂದಾಗ ಫೋಟೋ ತೋರಿಸಿದೆ. ಶಾರದಕ್ಕ ನಮ್ಮ ಭಜನಾ ಮಂಡಳಿಯ ಮುಖ್ಯಸ್ಥೆ. ಹೆಪ್ಪಿನ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟು, ಚಪ್ಪಲಿ ಬಿಟ್ಟು, ನನ್ನ ಫೋನಿಗೆ ನಮಸ್ಕಾರ ಮಾಡಿದರು.

"ಗಿರಿಜಕ್ಕ, ಇಷ್ಟು ದಿವಸ ನೀವು ಬರೇ ರಂಗೋಲಿ ಹಾಕಾವ್ರು ಅಂತ ತಿಳಕೊಂಡಿದ್ದೆ ನೋಡ್ರಿ. ನನಗೊಂದು ಕಳಸ್ರಿ."

ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಮಂಡಳಿಯ ಒಂಬತ್ತು ಜನರ ಫೋನು ತೆರೆದರೆ ನನ್ನ ಉಂಗುರ ನೀಹಾರಿಕೆಯೇ ಕಾಣುತ್ತಿತ್ತು. ಸಂಜೆ ಕಿರಾಣಿ ಅಂಗಡಿಯವರು ನನಗೆ ಎದ್ದು ನಿಂತು ಬೆಲ್ಲ ಕೊಟ್ಟರು. ನಾನೂ ಬೇಡವೆನ್ನಲಿಲ್ಲ. ರವಿವಾರ ಸತ್ಕಾರಕ್ಕೆ ಮಂಡಳಿಯವರೆಲ್ಲ ಬರುತ್ತೇವೆಂದರು. "ಬರ್ರಿ, ಮುಂದ ಕೂಡ್ರಿ" ಎಂದೆ. ನಾನೇ ಎಂದೆ.

ರವಿವಾರ ಬಂತು. ಸಭಾಗೃಹದ ಹಿಂದಿನ ಸಾಲುಗಳಲ್ಲಿ ಮಾವನ ವಿದ್ಯಾರ್ಥಿಗಳು, ತಲೆ ನರೆತವರು, ಹೊಟ್ಟೆ ಬಂದವರು. ಮುಂದಿನ ಸಾಲಿನಲ್ಲಿ ಒಂಬತ್ತು ಇಳಕಲ್ ಸೀರೆ. ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಬೆಳಕು ಚುಚ್ಚುತ್ತದೆಂದು ಪರದೆಗೆ ಬೆನ್ನು ಮಾಡಿ ನಿಂತು ಪಾಠ ಮಾಡಿದರು. ಚಿತ್ರಗಳ ಸರದಿ ಅವರಿಗೆ ಬಾಯಿಪಾಠ. ಚಂದ್ರ ಬಂದ, ಶನಿ ಬಂದ, ಒಂಬತ್ತೂ ಮುಗಿದವು. ಅವರು ಗಂಟಲು ಸರಿಮಾಡಿಕೊಂಡರು.

"ನಿಮಗೆಲ್ಲಾ ನಾ ಒಂದು ಸಾಲಾ ತೀರಿಸೋದೈತಿ. ಸೊನ್ನಿ ಬರದು ತೋರಿಸಿದ್ದೆ, ನೆನಪೈತಿಲ್ಲ? ಇವತ್ತು ಖರೇದ್ದು ನೋಡ್ರಿ. ನನ್ನ ದುರ್ಬೀನು, ನನ್ನ ಅಕ್ಕನ ಮಗಳ ಕೈ."

ಹತ್ತನೆಯ ಚಿತ್ರ ಬಂತು. ಗೋಡೆಯಷ್ಟು ಎತ್ತರದ ಬೆಳಕಿನ ಹಣೆ, ಅದಕ್ಕೆ ಮೂರೆಳೆ ವಿಭೂತಿ, ನಡುವೆ ಕುಂಕುಮ.

ಶಾರದಕ್ಕ ಎದ್ದು ನಿಂತರು. ಮಂಡಳಿ ಎದ್ದು ನಿಂತಿತು. "ಹರ ಹರ ಮಹಾದೇವ" ಎಂಬ ಘೋಷ ಸಭಾಗೃಹದ ಫ್ಯಾನುಗಳಿಗೆ ತಾಗಿತು. ಹಿಂದಿನ ಸಾಲಿನಲ್ಲಿ ಇಬ್ಬರು ಪ್ರಾಧ್ಯಾಪಕರು ಅಭ್ಯಾಸಬಲದಿಂದ ತಾವೂ ಎದ್ದರು.

ಮಾವ ಮಾತ್ರ ಸಭೆಯ ಕಡೆ ಮುಖ ಮಾಡಿ ತೃಪ್ತಿಯಿಂದ ನಕ್ಕರು. "ಕುಂದ್ರಿ, ಕುಂದ್ರಿ. ಭೌತಶಾಸ್ತ್ರಕ್ಕ ಇಷ್ಟು ಗೌರವ ನಾ ಕೆಲಸದಾಗ ಇದ್ದಾಗೂ ಕಂಡಿದ್ದಿಲ್ಲ. ನೋಡ್ರಿ, ನಡುವ ಕಪ್ಪು ಕಾಣತೈತಲ್ಲ, ಅಲ್ಲೆ ಆ ಸತ್ತ ನಕ್ಷತ್ರ ಐತಿ."

ಹಿಂದಿನಿಂದ ಒಬ್ಬರು ಮೆಲ್ಲಗೆ ಕೇಳಿದರು, "ಸರ್, ಮೂರು ಸತ್ತಾವೇನ್ರಿ?"

ಮಾವ ತಿರುಗಿದರು. ಕಪ್ಪು ಕನ್ನಡಕ ತೆಗೆದರು. ಪಟ್ಟಿಯಿಲ್ಲದ ಒಂದು ಕಣ್ಣಿನಿಂದ ನೋಡಿದರು. ನಾನು ಜ್ಞಾನೋದಯಕ್ಕೆ ಕಾದೆ. ಆಯಿತು, ಆದರೆ ನನಗೆ.

"ಗಿರಿಜಾ."

"ಮಾವಾ."

"ಗಾಜಿಗೆ ಏನು ಹಚ್ಚಿದಿ?"

ಆ ಕ್ಷಣಕ್ಕೆ ನೆನಪಾಯಿತು. ಮಹಾನವಮಿ, ಮೂರು ಬೆರಳು, ಒಂದೇ ಎಳೆತ. "ಆಯುಧಪೂಜಿ ಇತ್ರಿ ಮಾವಾ…"

ಮಾವ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಸಭೆಗೆ ತಿರುಗಿ ಮೇಷ್ಟ್ರ ದನಿಯಲ್ಲಿ ಹೇಳಿದರು: "ಬರಕೋರಿ. ದುರ್ಬೀನಿನ ತಿರುಪು ಸರಿಯಾಗಿ ತಿರುವಲಿಲ್ಲ ಅಂದ್ರ ಒಂದು ಬೆಳಕಿನ ಚುಕ್ಕಿ ಹಿಗ್ಗಿ ಗುಂಡಗ ಆಗತೈತಿ. ಆಗ ಅದರಾಗ ಕಾಣೋದು ಆಕಾಶ ಅಲ್ಲ, ಮುಂದಿನ ಗಾಜಿನ ಮಾರಿ. ಗಾಜಿಗೆ ಏನು ಅಂಟಿರತೈತೋ ಅದರ ನೆರಳು. ಇದು ಯಾವುದೋ ಸಾದಾ ನಕ್ಷತ್ರ. ಮೂರು ಗೆರಿ ನನ್ನ ಸೊಸಿವು."

ಅಕ್ಕನ ಮಗಳನ್ನು ಸೊಸೆ ಎನ್ನುವುದು ಪ್ರೀತಿ. ಆದರೆ ಆ ಹೊತ್ತಿನಲ್ಲಿ ಹಾಗೆನಿಸಲಿಲ್ಲ.

ಶಾರದಕ್ಕನಿಗೆ ತಡೆಯಲಾಗಲಿಲ್ಲ. "ಅಂದ್ರ ಇದು ದೇವರಲ್ಲೇನ್ರಿ ಸರ್?"

"ದೇವರು ಇದ್ದಿರಬಹುದವಾ. ಈ ವಿಭೂತಿ ಮಾತ್ರ ಲಕಮನಹಳ್ಳಿದು."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಯಜಮಾನರೂ ನಕ್ಕರು. ಪೆಟ್ರೋಲ್ ಪಂಪಿನ ದೀಪದ ಕಥೆಯನ್ನು ಪಕ್ಕದವರಿಗೆ ಹೇಳಿ ಇನ್ನೊಮ್ಮೆ ನಕ್ಕರು. ಅದನ್ನೆಲ್ಲ ನಾನು ತಡೆದುಕೊಂಡೆ. ತಡೆಯಲಾಗದ್ದು ಬೇರೆ. ನಗು ನಿಂತ ಮೇಲೆ ಮಾವ ನಿಧಾನವಾಗಿ ಪಕ್ಕದ ಬೋರ್ಡಿನ ಹತ್ತಿರ ಹೋದರು. ತಡಕಾಡಿ ಒಂದು ಸುಣ್ಣದ ತುಂಡು ಹಿಡಿದರು. ಅದೇ ಸೊನ್ನೆಯನ್ನು ಬರೆದರು. "ಈ ವರ್ಷಕ್ಕೂ ಇಷ್ಟ ನೋಡ್ರೆಪಾ" ಎಂದು ಕೈ ಕೊಡವಿಕೊಂಡರು. ಸೊನ್ನೆ ಸ್ವಲ್ಪ ಸೊಟ್ಟಗಿತ್ತು.

ಅವತ್ತು ರಾತ್ರಿ ನಾನು ದೇವರ ಮುಂದೆ ಕೂತು ಏನೂ ಬೇಡಲಿಲ್ಲ. ಬೇಡುವ ಮುಖ ಇರಲಿಲ್ಲ. ಬೆಳಿಗ್ಗೆ ಮಾವನಿಗೆ ಫೋನು ಮಾಡಿ, "ನಾಳಿಂದ ದೀಪಾವಳಿ. ಇವತ್ತೊಂದ ಸಂಜಿ ಉಳದೈತ್ರಿ. ನೀವು ಬಂದು ತೋರಿಸ್ರಿ, ನಾ ತಗೀತೇನಿ" ಎಂದೆ.

"ಇಪ್ಪತ್ತೆರಡು ಮೆಟ್ಟಲಾ ಯಾರು ಹತ್ತಾವ್ರು?"

"ನಿಂತ ನಿಂತ ಹತ್ತರಿ. ಪ್ರತಿ ಐದನೇ ಮೆಟ್ಟಲಕ್ಕ ಕುರ್ಚಿ ಹಾಕತೇನಿ."

ಪಟ್ಟಿ ಅವತ್ತೇ ಬೆಳಿಗ್ಗೆ ಬಿಚ್ಚಿದ್ದರು. ಮಧ್ಯಾಹ್ನ ಬಂದವರೇ ಮೊದಲು ಗಾಜು ನೋಡಿದರು. ಒಂದು ಬುರುಸು, ಒಂದು ಸೀಸೆ, ಮೆತ್ತನೆಯ ಬಟ್ಟೆ ತೆಗೆದು ಎರಡು ತಾಸು ಒರೆಸಿದರು. "ವಿಭೂತಿ ಹೋಗತೈತವಾ. ಈ ಕರ್ಪೂರದ ಮಸಿ ಐತಲ್ಲ…" ಎಂದು ಒಮ್ಮೆ ಮಾತ್ರ ನಿಟ್ಟುಸಿರು ಬಿಟ್ಟರು. ಎರಡು ತಾಸು ಬೈಯದೆ ಇದ್ದರು. ಅದು ಸಣ್ಣ ಕರುಣೆಯಲ್ಲ.

ನಾನು ಓಣಿಯ ಮನೆಮನೆಗೂ ಹೋಗಿ ಏಳರಿಂದ ಎಂಟರ ತನಕ ಅಂಗಳದ ದೀಪ ಆರಿಸಿರೆಂದು ಕೈಮುಗಿದೆ. ಎಲ್ಲರೂ ಹೂಂ ಎಂದರು. ಶಾರದಕ್ಕ ಮಾತ್ರ, "ದೀಪ ಆರಸ್ತೇನಿ. ಫೋನಿನಾಗಿನ ಫೋಟೋ ಅಳಸಂಗಿಲ್ಲ. ಯಾರ ಹಚ್ಚಿದ್ರ ಏನು, ವಿಭೂತಿ ವಿಭೂತಿನ" ಎಂದರು. ಅವರ ಮಾತಿನಲ್ಲೂ ತಪ್ಪು ಕಾಣಲಿಲ್ಲ.

ನಾಲ್ಕು ಕುರ್ಚಿ ದಾಟಿ ಮಾವ ಮಾಳಿಗೆಗೆ ಬಂದರು. ತಾವೇ ಹಿಡಿದರು, ತಾವೇ ತಿರುಪು ಸರಿಮಾಡಿದರು, ನನಗೆ ನೋಡು ಎಂದರು. ಸೂಜಿಮೊನೆಯಂಥ ನಕ್ಷತ್ರಗಳು. ಉಂಗುರ ಎಲ್ಲಿಯೂ ಇಲ್ಲ.

"ಏನೂ ಕಾಣವಲ್ದ್ರಿ."

"ನೆಟ್ಟಗ ನೋಡಬ್ಯಾಡ. ಅದರ ಬಾಜೂಕ ನೋಡು. ಕಣ್ಣಂಚಿನಾಗ ನೋಡಬೇಕು, ಆಗ ಕಾಣತೈತಿ."

ಇದನ್ನು ಮೊದಲೇ ಹೇಳಬಾರದಿತ್ತೇ? ಕೂಡುಕುಟುಂಬದಲ್ಲಿ ಹತ್ತು ವರ್ಷ ಸೊಸೆಯಾಗಿ ಬಾಳಿದವಳಿಗೆ ಕಣ್ಣಂಚಿನಲ್ಲಿ ನೋಡುವುದನ್ನು ಬೇರೆ ಕಲಿಸಬೇಕೇ? ಪಕ್ಕಕ್ಕೆ ನೋಡಿದೆ. ಕತ್ತಲಲ್ಲಿ ಮೆಲ್ಲಗೆ ಮೂಡಿತು. ಚಳಿಗಾಲದ ಬೆಳಿಗ್ಗೆ ಬಾಯಿಂದ ಹೊರಟ ಹಬೆಯಷ್ಟು ತೆಳು, ಒಂದು ಬಳೆ. ನಡುವೆ ಖಾಲಿ. ನೆಟ್ಟಗೆ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಹಾಜರು. ನಾನು ಈ ಸಲ ಕೈ ಮುಗಿಯಲಿಲ್ಲ. ಮನಸ್ಸಿನಲ್ಲೇ ಮುಗಿದೆ. ಅನುಭವ.

ಆಮೇಲೆ ಮಾವ ಹೊಸ ಕಣ್ಣಿಟ್ಟು ನೋಡಿದರು. ಎಷ್ಟು ಹೊತ್ತೆಂದರೆ, ನಿದ್ದೆ ಹತ್ತಿತೇನೋ ಎಂದು ಯಜಮಾನರು ಬಗ್ಗಿ ನೋಡಿದರು.

"ಐತವಾ" ಎಂದರು ಮಾವ. "ಇಷ್ಟು ವರ್ಷ ನಸುಹಳದಿ ಕಾಣತಿತ್ತು. ಇದರ ಬಣ್ಣನ ಹಂಗ ಅಂತ ಹೇಳತಿದ್ದೆ. ಈಗ ನೋಡಿದ್ರ ಬೆಳ್ಳಗ ಐತಿ. ಅದು ನನ್ನ ಪೊರಿ ಬಣ್ಣ."

ನಾನು ನಗಬಾರದೆಂದು ತುಟಿ ಕಚ್ಚಿದೆ. ಅವರೇ ನಕ್ಕರು. "ನೀ ವಿಭೂತಿ ಹಚ್ಚಿ ನೋಡಿದಿ, ನಾ ಪೊರಿ ಹಚ್ಚಿಕೊಂಡು ನೋಡಿದೆ. ಇಬ್ಬರೂ ಕೂಡಿ ಛಲೋ ಖಗೋಳಶಾಸ್ತ್ರ ಮಾಡೇವಿ. ಫೋಟೋ ತಗಿ."

ಉಸಿರು ಹಿಡಿದು ನಲವತ್ತು ತೆಗೆದೆ. ಮೂವತ್ತೊಂಬತ್ತು ಅಲುಗಿದ್ದವು. ಒಂದು ಬಂತು. ಮಾವ ಅದನ್ನು ಅಲ್ಲೇ ಕುರ್ಚಿಯಲ್ಲಿ ಕೂತು ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಕಳಿಸಿದರು. "ಇದು ಖರೇದ್ದು" ಎಂದು ಬರೆದರು. ಉತ್ತರಗಳು ಒಂದರ ಹಿಂದೆ ಒಂದು ಬಂದವು. "ಸರ್, ಎಲ್ಲೈತ್ರಿ?" "ಸರ್, ಫೋಟೋ ಬಂದಿಲ್ಲ, ಬರೇ ಕಪ್ಪು ಬಂದೈತಿ." "ಸರ್, ಮುಚ್ಚಳಾ ತಗದಿದ್ರಿಲ್ಲ?"

ನಿಜ ಹೇಳಬೇಕೆಂದರೆ ಆ ಚಿತ್ರದಲ್ಲಿ ಉಂಗುರ ಸಾಸಿವೆ ಕಾಳಿಗಿಂತ ಸ್ವಲ್ಪ ಸಣ್ಣದು. ಕಡೆಗೆ ಅದರ ಪಕ್ಕ ಫೋನಿನಲ್ಲೇ ಸಿಗುವ ಒಂದು ಕೆಂಪು ಬಾಣ ಹಾಕಿ ಮತ್ತೆ ಕಳಿಸಿದೆವು. ಆಗ ಎಲ್ಲರಿಗೂ ಕಂಡಿತು. ಒಬ್ಬರು, "ಸರ್, ನೀವು ಬರೀತಿದ್ದ ಸೊನ್ನಿನ" ಎಂದು ಬರೆದರು. ಮಾವ ಆ ಒಂದು ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು.

ಈಗ ಅದೇ ಫೋಟೋ ಕಟ್ಟು ಹಾಕಿಸಿಕೊಂಡು ನಮ್ಮ ಮನೆಯ ಪಡಸಾ‍ಲೆಯಲ್ಲೂ ಒಂದು ತೂಗುತ್ತಿದೆ. ಬಂದವರಿಗೆಲ್ಲ ಚಹಾ ಕೊಡುವ ಮೊದಲು ನಾನು ಅದರ ಮುಂದೆ ನಿಲ್ಲಿಸುತ್ತೇನೆ. ಸಾಯುವ ನಕ್ಷತ್ರ, ಊದಿದ ಪದರ, ಕಣ್ಣಂಚಿನ ನೋಟ, ಎಲ್ಲವನ್ನೂ ವಿವರಿಸುತ್ತೇನೆ. ಅವರು ಬಹಳ ಗಂಭೀರವಾಗಿ ನೋಡುತ್ತಾರೆ. ಮೊನ್ನೆ ಶಾರದಕ್ಕನ ಬೀಗರು ಬಂದಿದ್ದರು. ಕನ್ನಡಕ ಏರಿಸಿಕೊಂಡು, ಹತ್ತಿರ ಹೋಗಿ, ಹಿಂದೆ ಸರಿದು, ತಲೆದೂಗಿದರು.

"ಬಾಣ ಮಾತ್ರ ಬಾಳ ಛಲೋ ತಗದೀರಿ ನೋಡ್ರಿ" ಎಂದರು.

ಅದನ್ನು ತೆಗೆದದ್ದು ಫೋನು.